ಹೋದವಳು ಮರಳುತ್ತಾಳೆಯೇ?

ನಂಜನಗೂಡಿನ ಕಾರ್ಖಾನೆಯಲ್ಲೋ ತಿ. ನರಸೀಪುರದ ಕಾಲೇಜಿನಲ್ಲೋ ದುಡಿಯುತ್ತಿರುವ ಸೊಸೆ ವಿದೇಶಿ ಫೆಲೋಶಿಪ್‌ನ ಮಾತೆತ್ತಿದರೆ ಮನೆಯಲ್ಲಿ ಏಳುವ ಮೊದಲ ಪ್ರಶ್ನೆ ಇದೇ. ಬ್ರಿಟಿಷ್ ಸರಕಾರ 1983ರಲ್ಲಿ ಆರಂಭಿಸಿದ ಚೀವ್ನಿಂಗ್ ಯೋಜನೆಯ ನಿಯಮದಲ್ಲೇ ಉತ್ತರವಿದೆ: ಒಂದು ವರ್ಷದ ಸ್ನಾತಕೋತ್ತರ ಕಲಿಕೆ ಮುಗಿದ ಮೇಲೆ ತಾಯ್ನಾಡಿಗೆ ಮರಳಿ ಎರಡು ವರ್ಷವಾದರೂ ಇರಬೇಕು. ಪದವಿಯ ಜೊತೆಗೆ 2,800 ಗಂಟೆ, ಅಂದರೆ ಸುಮಾರು ಎರಡು ವರ್ಷದ ಕೆಲಸದ ಅನುಭವ ಕೇಳುತ್ತಾರೆ. ಗರಿಷ್ಠ ವಯಸ್ಸಿನ ಮಿತಿಯಿಲ್ಲ, ಮದುವೆಯಾದವರಿಗೂ ಅಡ್ಡಿಯಿಲ್ಲ. ಶುಲ್ಕ, ವಿಮಾನದ ಟಿಕೆಟು, ತಿಂಗಳ ಖರ್ಚು ಅವರದೇ. ಆದರೆ ಪತಿ, ಮಕ್ಕಳ ಖರ್ಚು ಕೊಡುವುದಿಲ್ಲ. ಹಾಗಾಗಿ ಆ ಒಂದು ವರ್ಷ ಮಗುವನ್ನು ಯಾರು ನೋಡಿಕೊಳ್ಳುವುದು? ನನ್ನ ಮಟ್ಟಿಗೆ ಇಂಗ್ಲಿಷಿಗಿಂತ ಕಠಿಣ ಪರೀಕ್ಷೆ ಇದೇ. ಅತ್ತೆ, ತಾಯಿ, ಪತಿ ಒಟ್ಟಿಗೆ ಕುಳಿತು ಅರ್ಜಿ ಹಾಕುವ ಮೊದಲೇ ಮಾತಾಡಿಕೊಳ್ಳಲಿ. ಅರ್ಜಿ ಸಾಮಾನ್ಯವಾಗಿ ಆಗಸ್ಟ್‌ನಲ್ಲಿ ತೆರೆಯುತ್ತದೆ, ಅದಕ್ಕೆ ಶುಲ್ಕವಿಲ್ಲ.