ಬಿತ್ತದವರ ಕೊಯ್ಲು

ಪೇಟೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಕೊಳವೆಯು ಮಲೆನಾಡಿನಲ್ಲಿ ಅಬ್ಬಿಯ ನೀರನ್ನು ಅಡಿಗೆಮನೆಗೆ ತರುತ್ತದೆ. ಅಡಿಕೆ ತೋಟದ ಹೆಚ್ಚುವರಿ ನೀರನ್ನು ಹಳ್ಳಕ್ಕೆ ಮುಟ್ಟಿಸುತ್ತದೆ. ಉತ್ತರ ಅಮೆರಿಕದ ಹಲವು ಪ್ರಾಂತಗಳಲ್ಲಿ ಅದೇ ಕೊಳವೆಗೆ ಚಳಿಗಾಲ ಬಂದೊಡನೆ ಬೇರೊಂದು ಕೆಲಸವಿದೆ. ತೊರೆಯಲ್ಲಿ ಅರೆ ಮುಳುಗಿಸಿಟ್ಟ ಕೊಳವೆ, ಅದರೊಳಗೆ ಕಾದು ಕುಳಿತ ಲೋಹದ ದವಡೆ, ಹಾದು ಹೋಗುವ ನೀರುನಾಯಿಯ ಕತ್ತು ಅಥವಾ ಎದೆ. ಕಾರ್ಖಾನೆಯಲ್ಲಿ ತಯಾರಾದ ಬೋನಿಗೆ ಮನೆಯ ಹಿತ್ತಿಲಲ್ಲಿ ಕೊಳವೆಯ ಗೂಡು ಕಟ್ಟಿಕೊಳ್ಳುವುದನ್ನು ಅಲ್ಲಿಯ ಬೋನುಗಾರರು ಜಾಣ್ಮೆಯೆಂದು ಕರೆದುಕೊಳ್ಳುತ್ತಾರೆ, ಒಬ್ಬರಿಂದೊಬ್ಬರು ಕಲಿಯುತ್ತಾರೆ.

ಈ ಜಾಣ್ಮೆ ನಿಂತಿರುವುದು ಯಾವುದರ ಮೇಲೆ? ನೀರುನಾಯಿಯ ಸ್ವಭಾವದ ಮೇಲೆ. ಅದು ಕುತೂಹಲದ ಪ್ರಾಣಿ. ದಂಡೆಯ ಪೊಟರೆ, ಬೇರಿನ ಸಂದು, ಮೋರಿಯ ಬಾಯಿ ಕಂಡರೆ ಒಳಹೊಕ್ಕು ನೋಡದೆ ಮುಂದೆ ಹೋಗುವುದಿಲ್ಲ. ಏಡಿಯೂ ಮೀನೂ ಅಡಗುವುದು ಅಂಥ ಜಾಗಗಳಲ್ಲೇ ಆದ್ದರಿಂದ ಆ ಕುತೂಹಲವೇ ಅದರ ಹೊಟ್ಟೆಪಾಡು. ಅದು ಒಂದೇ ಜಲಮಾರ್ಗದಲ್ಲಿ ಮತ್ತೆ ಮತ್ತೆ ಸಂಚರಿಸುತ್ತದೆ. ದಂಡೆಯ ನಿಶ್ಚಿತ ತಾಣಗಳಲ್ಲಿ ಹಿಕ್ಕೆ ಹಾಕಿ ತನ್ನವರಿಗೆ ಸುದ್ದಿ ಮುಟ್ಟಿಸುತ್ತದೆ. ಲಕ್ಷಾಂತರ ವರ್ಷಗಳಲ್ಲಿ ಬದುಕಲೆಂದು ರೂಪುಗೊಂಡ ನಡವಳಿಕೆಯನ್ನೇ ಸಾವಿನ ಬಾಗಿಲಾಗಿ ತಿರುಗಿಸುವುದು ಈ ಕೊಳವೆಯ ತಂತ್ರ. ಪ್ರಾಣಿಯನ್ನು ಇಷ್ಟು ಸೂಕ್ಷ್ಮವಾಗಿ ಅರಿತ ಮನುಷ್ಯನು ಆ ಅರಿವನ್ನು ಇದಕ್ಕೆ ಬಳಸಿದನೆಂಬುದೇ ಮೊದಲ ದುಃಖ.

'ಕೊಯ್ಲು' ಎಂಬ ಸುಳ್ಳು

ಅಮೆರಿಕದ ವನ್ಯಜೀವಿ ಇಲಾಖೆಗಳ ಕಡತಗಳಲ್ಲಿ ಈ ಕೊಲ್ಲುವಿಕೆಗೆ ಇರುವ ಹೆಸರು 'ಹಾರ್ವೆಸ್ಟ್', ಅಂದರೆ ಕೊಯ್ಲು. ಕೃಷಿಯ ಮಾತನ್ನು ಕದ್ದು ತಂದು ಕೊಲೆಗೆ ಹೊದಿಸಿದ ಶಾಲು ಇದು. ಕೊಯ್ಲೆಂಬುದು ಬಿತ್ತಿದವನ ಹಕ್ಕು. ಉತ್ತು, ಸಸಿ ನೆಟ್ಟು, ಕಳೆ ಕಿತ್ತು, ಮಳೆಗಾಗಿ ಕಾದು, ಕೊನೆಗೆ ಕುಡುಗೋಲು ಹಿಡಿಯುವವನು ರೈತ. ಅವನು ಮುಂದಿನ ವರ್ಷಕ್ಕೆ ಬೀಜ ಉಳಿಸುತ್ತಾನೆ, ಮಣ್ಣಿಗೆ ಗೊಬ್ಬರ ಹಿಂದಿರುಗಿಸುತ್ತಾನೆ. ನೀರುನಾಯಿಗೆ ಬೋನಿಡುವವನು ಏನನ್ನು ಬಿತ್ತಿದ್ದಾನೆ? ಹೊಳೆಗೆ ಏನನ್ನು ಹಿಂದಿರುಗಿಸುತ್ತಾನೆ?

ಬಿತ್ತಿದ್ದು ಯಾರೆಂಬುದಕ್ಕೆ ಚರಿತ್ರೆಯಲ್ಲಿ ಉತ್ತರವಿದೆ. 1670ರಲ್ಲಿ ಹಡ್ಸನ್ಸ್ ಬೇ ಕಂಪನಿಗೆ ಇಂಗ್ಲೆಂಡಿನ ದೊರೆಯ ಸನದು ದೊರೆತ ಮೇಲೆ ಉತ್ತರ ಅಮೆರಿಕದ ಹೊಳೆಗಳು ತುಪ್ಪಳದ ಗಣಿಗಳಾದವು. ಬೀವರ್, ಮಿಂಕ್, ನೀರುನಾಯಿಗಳ ಚರ್ಮಗಳು ಹಡಗು ಹಡಗಾಗಿ ಯುರೋಪಿಗೆ ಹೋದವು. ಶಾಂತಸಾಗರದ ಕರಾವಳಿಯಲ್ಲಿ ಕಡಲಿನ ನೀರುನಾಯಿಯ ಗತಿಯೂ ಅದೇ ಆಯಿತು. 1911ರ ಅಂತರರಾಷ್ಟ್ರೀಯ ಒಪ್ಪಂದವು ರಕ್ಷಣೆ ಕೊಡುವ ಹೊತ್ತಿಗೆ ಅದು ಅಳಿವಿನ ಅಂಚು ಮುಟ್ಟಿತ್ತು. ಬೋನು, ಕಾಡು ಕಡಿತ, ಜೌಗು ನೆಲದ ನಾಶ, ಹೊಳೆಗಳ ಮಾಲಿನ್ಯ ಇವೆಲ್ಲ ಕೂಡಿ ಇಪ್ಪತ್ತನೆಯ ಶತಮಾನದಲ್ಲಿ ಅಮೆರಿಕದ ಅನೇಕ ರಾಜ್ಯಗಳಲ್ಲಿ ಹೊಳೆಯ ನೀರುನಾಯಿ ಕಣ್ಮರೆಯಾಯಿತು.

ಅನಂತರ ಅದನ್ನು ಮರಳಿ ತಂದವರು ಸಾರ್ವಜನಿಕರು. 1976ರಿಂದ 1998ರ ವರೆಗೆ 21 ರಾಜ್ಯಗಳಲ್ಲಿ 4,000ಕ್ಕೂ ಹೆಚ್ಚು ನೀರುನಾಯಿಗಳನ್ನು ಬೇರೆಡೆಯಿಂದ ತಂದು ಬಿಡಲಾಯಿತು. ಮಿಸೌರಿ ರಾಜ್ಯವೊಂದೇ 1982ರಿಂದ 1992ರ ಅವಧಿಯಲ್ಲಿ 845 ನೀರುನಾಯಿಗಳನ್ನು ತನ್ನ ತೊರೆಗಳಿಗೆ ಬಿಟ್ಟಿತು. ಅವು ಬೇರೂರಿದವು, ಮರಿ ಹಾಕಿದವು, ಹೊಳೆಯುದ್ದಕ್ಕೂ ಹಬ್ಬಿದವು. ವನ್ಯಜೀವಿ ಸಂರಕ್ಷಣೆಯ ಇತಿಹಾಸದಲ್ಲಿ ಅದೊಂದು ಹೆಮ್ಮೆಯ ಅಧ್ಯಾಯ. ಆದರೆ 1996ರಲ್ಲಿ, ಕೊನೆಯ ತಂಡವನ್ನು ಬಿಟ್ಟ ನಾಲ್ಕೇ ವರ್ಷಕ್ಕೆ, ಅದೇ ರಾಜ್ಯವು ಅವುಗಳ ಮೇಲೆ ಬೋನಿನ ಹಂಗಾಮನ್ನು ತೆರೆಯಿತು. ಊರವರೆಲ್ಲ ಸೇರಿ ನೆಟ್ಟ ತೋಪನ್ನು ಕಡಿಯುವ ಹಕ್ಕು ಕೊಡಲಿ ಇದ್ದವರಿಗೆ ದೊರೆತಂತಾಯಿತು.

ಅದೇ 1996ರಲ್ಲಿ ಮ್ಯಾಸಚೂಸೆಟ್ಸ್ ಮತ್ತು ಕೊಲರಾಡೊ ರಾಜ್ಯಗಳ ಮತದಾರರು ಇಂಥ ಬೋನುಗಳಿಗೆ ಜನಮತದ ಮೂಲಕ ಕಡಿವಾಣ ಹಾಕಿದರು ಎಂಬುದನ್ನೂ ಮರೆಯಬಾರದು. 2019ರಲ್ಲಿ ಕ್ಯಾಲಿಫೋರ್ನಿಯ ತುಪ್ಪಳಕ್ಕಾಗಿ ಬೋನಿಡುವುದನ್ನೇ ನಿಷೇಧಿಸಿದ ಮೊದಲ ರಾಜ್ಯವಾಯಿತು. ಆದ್ದರಿಂದ ಇದು ಅಮೆರಿಕದ ಜನರ ಮೇಲಿನ ದೂರಲ್ಲ. ದೂರು ಇರುವುದು ಜೀವಿಯನ್ನು ಸರಕೆಂದು ಎಣಿಸುವ ಮನಸ್ಸಿನ ಮೇಲೆ. ಆ ಮನಸ್ಸಿಗೆ ದೇಶವಿಲ್ಲ.

ಮುನ್ನೂರು ಸೆಕೆಂಡಿನ ಕರುಣೆ

ಬೋನಿನ ಪಕ್ಷಪಾತಿಗಳಿಗೆ ಮೂರು ಸಮರ್ಥನೆಗಳಿವೆ. ಅವುಗಳನ್ನು ಒಂದೊಂದಾಗಿ ಪರಿಶೀಲಿಸುವುದು ನ್ಯಾಯ.

ಮೊದಲನೆಯದು, ಈ ಬೋನು ಪ್ರಾಣಿಯನ್ನು ನರಳಿಸದೆ ಕೊಲ್ಲುತ್ತದೆ ಎಂಬುದು. ಇದರಲ್ಲಿ ಒಂದಿಷ್ಟು ಸತ್ಯವಿದೆ. ಕಾಲು ಹಿಡಿದು ದಿನಗಟ್ಟಲೆ ನರಳಿಸುವ ಹಳೆಯ ಬೋನಿನ ಕ್ರೌರ್ಯವನ್ನು ಕಂಡು ಬೇಸತ್ತ ಕೆನಡಾದ ಬೋನುಗಾರ ಫ್ರಾಂಕ್ ಕಾನಿಬೇರ್, 1950ರ ದಶಕದಲ್ಲಿ ಮೈಯನ್ನೇ ಅದುಮಿ ಕೊಲ್ಲುವ ಬೋನನ್ನು ಬಳಕೆಗೆ ತಂದನು. ಅವನ ಉದ್ದೇಶ ಕೆಟ್ಟದ್ದಾಗಿರಲಿಲ್ಲ. ಆದರೆ 'ನರಳಿಸದೆ' ಎಂಬ ಮಾತಿನ ಅಳತೆ ಏನು? 1990ರ ದಶಕದ ಕೊನೆಯಲ್ಲಿ ಯುರೋಪಿನ ಒಕ್ಕೂಟ, ಕೆನಡಾ, ರಷ್ಯಾಗಳು ಒಪ್ಪಿಕೊಂಡ ಮಾನವೀಯ ಬೋನಿನ ಮಾನದಂಡದಲ್ಲಿ ನೀರುನಾಯಿಯ ಪ್ರಜ್ಞೆ ತಪ್ಪಲು ಕೊಟ್ಟಿರುವ ಕಾಲಮಿತಿ 300 ಸೆಕೆಂಡು. ಪರೀಕ್ಷೆಗೆ ಒಳಪಡಿಸಿದ ಪ್ರಾಣಿಗಳಲ್ಲಿ ನೂರಕ್ಕೆ ಎಂಬತ್ತು ಈ ಮಿತಿಯೊಳಗೆ ಬಂದರೆ ಸಾಕು. ಐದು ನಿಮಿಷ! ಉಸಿರು ಬಿಗಿಹಿಡಿದು ಒಂದು ನಿಮಿಷ ಎಣಿಸಿ ನೋಡಿದ ಶಾಲೆಯ ಮಗುವಿಗೂ ಐದು ನಿಮಿಷ ಎಷ್ಟು ದೀರ್ಘವೆಂದು ತಿಳಿಯುತ್ತದೆ. ನೀರುನಾಯಿಯಾದರೋ ಉಸಿರು ಕಟ್ಟಿ ಹಲವು ನಿಮಿಷ ಮುಳುಗಿರಬಲ್ಲ ಪ್ರಾಣಿ. ಬದುಕಲು ನೆರವಾದ ಆ ಶಕ್ತಿ, ಬೋನು ಸರಿಯಾಗಿ ಬೀಳದಿದ್ದಾಗ ಅದರ ಸಾವನ್ನು ಲಂಬಿಸುತ್ತದೆ.

ಕಾರ್ಖಾನೆಯ ಬೋನಿಗಾದರೂ ಪರೀಕ್ಷೆಯೆಂಬುದುಂಟು. ಹಿತ್ತಿಲಲ್ಲಿ ಕಟ್ಟಿದ ಕೊಳವೆಯ ಗೂಡಿಗೆ ಯಾವ ಪ್ರಯೋಗಶಾಲೆಯ ಪರೀಕ್ಷೆ? ಕೊಳವೆಗೆ ಓದು ಬರುವುದಿಲ್ಲ. ಒಳಬಂದದ್ದು ನೀರುನಾಯಿಯೋ, ಬೀವರೋ, ಮುಳುಗುವ ಹಕ್ಕಿಯೋ, ಆಮೆಯೋ ಅದಕ್ಕೆ ಗೊತ್ತಿಲ್ಲ. ಇದೇ ಜಾತಿಯ ಬೋನುಗಳಿಗೆ ಸಿಕ್ಕಿ ಸತ್ತ ಸಾಕುನಾಯಿಗಳ ಕಥೆ ಅಲ್ಲಿ ಊರೂರಿನಲ್ಲಿದೆ.

ಎರಡನೆಯದು, ನೀರುನಾಯಿಗಳ ಸಂಖ್ಯೆ ಚೆನ್ನಾಗಿದೆ, ಒಂದಷ್ಟು ತೆಗೆದರೆ ತೊಂದರೆಯಿಲ್ಲ ಎಂಬುದು. ಹೆಣ್ಣು ನೀರುನಾಯಿಗೆ ಎರಡು ವರ್ಷ ತುಂಬದೆ ಮರಿಯಾಗುವುದು ಅಪರೂಪ. ಹಾಕಿದರೂ ಸಾಮಾನ್ಯವಾಗಿ ಎರಡು ಮೂರು ಮರಿ. ಅಮೆರಿಕದ ಹೊಳೆ ನೀರುನಾಯಿಯಲ್ಲಿ ವಸಂತದಲ್ಲಿ ಕೂಡಿದ ಹೆಣ್ಣಿನ ಭ್ರೂಣವು ತಿಂಗಳುಗಟ್ಟಲೆ ಬೆಳೆಯದೆ ಕಾದಿದ್ದು, ಚಳಿಗಾಲದಲ್ಲಿ ಗರ್ಭಕ್ಕೆ ಅಂಟಿಕೊಂಡು, ಮರುವರ್ಷ ಹಿಮ ಕರಗುವ ಹೊತ್ತಿಗೆ ಮರಿಯಾಗುತ್ತದೆ. ತುಪ್ಪಳ ದಟ್ಟವಾಗುವುದೂ ಚಳಿಗಾಲದಲ್ಲಿ. ಬೋನಿನ ಹಂಗಾಮೂ ಚಳಿಗಾಲದಲ್ಲಿ. ಆ ಕಾಲದಲ್ಲಿ ಕೊಳವೆಗೆ ಬಿದ್ದ ತಾಯಿಯೊಡನೆ ಹುಟ್ಟಬೇಕಾದ ಪೀಳಿಗೆಯೂ ಸಾಯುತ್ತದೆ. ಯಾವ ಲೆಕ್ಕದ ಪುಸ್ತಕದಲ್ಲಿಯೂ ಆ ಮರಿಗಳ ಹೆಸರಿಲ್ಲ.

ಮೂರನೆಯದು, ಮೀನುಕೊಳದ ಒಡೆಯರ ಸಂಕಟ. ಇದನ್ನು ಹಗುರವಾಗಿ ಕಾಣಲಾಗದು. ಕೊಳವೊಂದಕ್ಕೆ ದಾರಿ ಕಂಡುಕೊಂಡ ನೀರುನಾಯಿ ಕುಟುಂಬವು ಸಾಕಿದ ಮೀನಿಗೆ ದೊಡ್ಡ ನಷ್ಟ ತರಬಲ್ಲದು; ಮಿಸೌರಿಯ ಕೊಳದ ಒಡೆಯರ ದೂರು ಕಟ್ಟುಕಥೆಯಲ್ಲ. ಆದರೆ ಕೊಳದ ತೊಂದರೆಗೆ ಪರಿಹಾರ ಕೊಳದ ದಂಡೆಯಲ್ಲಿರಬೇಕು: ಬೇಲಿ, ಬಲೆ, ಮೀನಿಗೆ ಅಡಗುದಾಣ, ಪರಿಹಾರಧನ. ಬೋನಿನ ಹಂಗಾಮು ತೆರೆದುಕೊಳ್ಳುವುದು ಯಾರ ಮೀನನ್ನೂ ಮುಟ್ಟದ ನೀರುನಾಯಿಗಳು ಓಡಾಡುವ ಹೊಳೆಗಳಲ್ಲಿ. ತುಪ್ಪಳದ ಬೆಲೆ ಏರಿದ ವರ್ಷ ಬೋನುಗಾರರು ಹೆಚ್ಚುತ್ತಾರೆ, ಇಳಿದ ವರ್ಷ ಕಡಮೆಯಾಗುತ್ತಾರೆ. ಕೊಳ ಕಾಯುವುದೇ ಗುರಿಯಾಗಿದ್ದರೆ ಬೋನಿನ ಸಂಖ್ಯೆ ಚರ್ಮದ ಪೇಟೆಧಾರಣೆಯ ಹಿಂದೆ ಏಕೆ ಹೋಗಬೇಕು?

ಮಲೆನಾಡಿಗೇಕೆ ಈ ಮಾತು

ದೂರದ ಮಿಸೌರಿಯ ತೊರೆಯಲ್ಲಿ ನಡೆಯುವುದಕ್ಕೂ ಸಹ್ಯಾದ್ರಿಯ ಹಳ್ಳಕ್ಕೂ ಏನು ಸಂಬಂಧವೆಂದು ಕೇಳುವವರಿರಬಹುದು. ಸಂಬಂಧವಿದೆ. 2003ರ ಅಕ್ಟೋಬರಿನಲ್ಲಿ ಟಿಬೆಟ್ಟಿನಲ್ಲಿ ಒಂದೇ ಸಾಗಣೆಯಲ್ಲಿ 31 ಹುಲಿ, 581 ಚಿರತೆ ಮತ್ತು 778 ನೀರುನಾಯಿ ಚರ್ಮಗಳು ಸಿಕ್ಕಿಬಿದ್ದವು. ಹುಲಿಯ ಹೆಸರು ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂತು. ಹುಲಿಗಿಂತ ಇಪ್ಪತ್ತೈದು ಪಟ್ಟು ಹೆಚ್ಚಿದ್ದ ನೀರುನಾಯಿಗಾಗಿ ಅತ್ತವರು ವಿರಳ. 2006ರಲ್ಲಿ ದಲೈ ಲಾಮಾ ಅವರು ವನ್ಯಜೀವಿ ಚರ್ಮ ಧರಿಸುವುದನ್ನು ಬಿಡಬೇಕೆಂದು ಕರೆಕೊಟ್ಟಾಗ ಟಿಬೆಟ್ಟಿನ ಜನ ಬೆಲೆಬಾಳುವ ಚರ್ಮದ ಉಡುಪುಗಳನ್ನು ಬೆಂಕಿಗೆ ಹಾಕಿದರು. ಬೇಡಿಕೆ ಸತ್ತರೆ ಬೋನು ಸಾಯುತ್ತದೆಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಕಿಲ್ಲ.

ಪಶ್ಚಿಮ ಘಟ್ಟದ ತೊರೆಗಳಲ್ಲಿ ಕಿರುಪಂಜದ ನೀರುನಾಯಿ ಇದೆ. ಕಾವೇರಿ, ತುಂಗಭದ್ರೆಯಂಥ ದೊಡ್ಡ ಹೊಳೆಗಳಲ್ಲಿ ನುಣುಪು ತುಪ್ಪಳದ ನೀರುನಾಯಿ ಇದೆ. ಇವೆರಡನ್ನೂ 2019ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರ ನಿಷೇಧದ ಅತ್ಯುನ್ನತ ಪಟ್ಟಿಗೆ ಸೇರಿಸಲಾಯಿತು. 2015ರಲ್ಲಿ ಕರ್ನಾಟಕ ಸರಕಾರವು ತುಂಗಭದ್ರೆಯ 34 ಕಿಲೋಮೀಟರ್ ಹರಿವನ್ನು ನೀರುನಾಯಿ ಸಂರಕ್ಷಣಾ ಮೀಸಲೆಂದು ಘೋಷಿಸಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಉರುಳೊಡ್ಡುವುದು, ಬೋನಿಡುವುದು, ವಿಷವಿಕ್ಕುವುದು ಮಾತ್ರವಲ್ಲ, ಅವುಗಳ ಪ್ರಯತ್ನವೂ ಬೇಟೆಯೇ. ಮನೆಯಲ್ಲಿ ಮಾಡಿದ್ದು, ಬರೀ ತಂತಿಯದ್ದು, ಹಂದಿಗೆಂದು ಇಟ್ಟದ್ದು ಎಂಬ ನೆಪಗಳು ಸತ್ತ ಪ್ರಾಣಿಗೆ ಜೀವ ಕೊಡುವುದಿಲ್ಲ.

ಕಿರುಪಂಜದ ನೀರುನಾಯಿಯ ಮುಖ್ಯ ಆಹಾರ ಏಡಿ. ಗದ್ದೆಯ ಬದುವಿನಲ್ಲಿ ಬಿಲ ಕೊರೆದು ನೀರು ಸೋರಿಸುವ ಏಡಿಯ ಉಪಟಳವನ್ನು ಮಲೆನಾಡಿನ ಬೇಸಾಯಗಾರನಿಗೆ ಹೇಳಿಕೊಡಬೇಕಿಲ್ಲ. ರಾತ್ರಿಯೆಲ್ಲ ಹಳ್ಳದಂಚಿನಲ್ಲಿ ಏಡಿ ಹಿಡಿಯುವ ಈ ಕೂಲಿಯಾಳು ಸಂಬಳ ಕೇಳುವುದಿಲ್ಲ. ಬಾಂಗ್ಲಾದೇಶದ ಬೆಸ್ತರು ತಲೆಮಾರುಗಳಿಂದ ಪಳಗಿದ ನೀರುನಾಯಿಗಳಿಂದ ಮೀನನ್ನು ಬಲೆಗೆ ಅಟ್ಟಿಸಿಕೊಂಡಿದ್ದಾರೆ. ಒಂದು ಕಡೆ ಶತ್ರುವೆನಿಸಿದ ಪ್ರಾಣಿ ಇನ್ನೊಂದು ಕಡೆ ಜೊತೆಗಾರ. ವ್ಯತ್ಯಾಸ ಪ್ರಾಣಿಯಲ್ಲಿಲ್ಲ, ನೋಡುವ ಕಣ್ಣಿನಲ್ಲಿದೆ.

ಇನ್ನೊಂದು ಕಹಿ ಸತ್ಯವಿದೆ. ಬೋನಿಲ್ಲದೆಯೂ ನೀರುನಾಯಿಯನ್ನು ಕೊಲ್ಲಬಹುದು. 1950ರ ದಶಕದ ಅನಂತರ ಬ್ರಿಟನ್ನಿನ ನೀರುನಾಯಿಗಳು ಕುಸಿದದ್ದು ಮುಖ್ಯವಾಗಿ ಬಿತ್ತನೆ ಬೀಜಕ್ಕೆ ಹಚ್ಚಿದ ಡೀಲ್ಡ್ರಿನ್‌ನಂಥ ಕೀಟನಾಶಕಗಳಿಂದ. ವಿಷ ನೆಲದಿಂದ ನೀರಿಗೆ, ನೀರಿನಿಂದ ಮೀನಿಗೆ, ಮೀನಿನಿಂದ ನೀರುನಾಯಿಗೆ ಸೇರಿ ಮೆಟ್ಟಿಲು ಮೆಟ್ಟಿಲಾಗಿ ಸಾಂದ್ರವಾಯಿತು. ಆ ವಿಷಗಳನ್ನು ನಿಷೇಧಿಸಿದ ಮೇಲೆ ಅವು ಮೆಲ್ಲನೆ ಮರಳಿದವು. 2011ರ ಹೊತ್ತಿಗೆ ಇಂಗ್ಲೆಂಡಿನ ಪ್ರತಿಯೊಂದು ಕೌಂಟಿಯಲ್ಲೂ ಕಂಡುಬಂದವು. ಅಮೆರಿಕದ ಕೊಳವೆಯನ್ನು ಖಂಡಿಸುವ ಮಲೆನಾಡಿಗನು ತನ್ನ ತೋಟದ ಔಷಧಿ ಡಬ್ಬವನ್ನು ಹಳ್ಳದಲ್ಲಿ ತೊಳೆದರೆ, ಮೀನಿಗೆಂದು ಗುಂಡಿಗೆ ಬ್ಲೀಚಿಂಗ್ ಪುಡಿ ಸುರಿದರೆ, ಸಿಡಿಮದ್ದು ಎಸೆದರೆ, ಅವನ ಖಂಡನೆಗೆ ಬೆಲೆಯೆಲ್ಲಿ? ಕೊಳವೆ ಒಂದು ಪ್ರಾಣಿಯನ್ನು ಕೊಲ್ಲುತ್ತದೆ. ಆ ಪುಡಿ ಮರಿಮೀನು, ಏಡಿ, ಕಪ್ಪೆ, ಹುಳುಗಳ ಸಹಿತ ಇಡೀ ಗುಂಡಿಯನ್ನೇ ಕೊಲ್ಲುತ್ತದೆ.

ಮಾಡಬೇಕಾದದ್ದು

ಹಳ್ಳಿಯ ಯುವಕರು ತಮ್ಮ ಹಳ್ಳದ ದಂಡೆಯನ್ನು ತಿಂಗಳಿಗೊಮ್ಮೆ ನಡೆದು ನೋಡಲಿ. ಬಂಡೆಯ ಮೇಲೆ ಏಡಿ ಚಿಪ್ಪು, ಮೀನಿನ ಪೊರೆ ಬೆರೆತ ಹಿಕ್ಕೆ ಕಂಡರೆ ಅದು ನೀರುನಾಯಿಯ ಅಂಚೆಪೆಟ್ಟಿಗೆಯೆಂದು ತಿಳಿಯಲಿ. ವಿದ್ಯಾರ್ಥಿಗಳು ದಿನಾಂಕ, ಸ್ಥಳ, ನೀರಿನ ಸ್ಥಿತಿಯನ್ನು ಪುಸ್ತಕದಲ್ಲಿ ಬರೆದಿಡಲಿ. ಆದರೆ ಆ ಜಾಗದ ಸುದ್ದಿಯನ್ನು ಸಂತೆಯಲ್ಲಿ ಸಾರದಿರಲಿ. ಉರುಳು ಕಂಡರೆ ಅರಣ್ಯ ಇಲಾಖೆಗೆ ತಿಳಿಸಲಿ. ಗ್ರಾಮಸಭೆಗಳು ಗುಂಡಿಗೆ ವಿಷ ಹಾಕುವುದರ ವಿರುದ್ಧ ನಿರ್ಣಯ ಮಾಡಲಿ, ಹಳ್ಳದಂಚಿನ ಮರ ಪೊದೆಗಳನ್ನು ಸವರದಂತೆ ನೋಡಿಕೊಳ್ಳಲಿ. ಮೀನುಕೊಳ ಮಾಡಿದ ರೈತನಿಗೆ ನಷ್ಟವಾದರೆ ಬೇಲಿ ಹಾಕಲು ನೆರೆಹೊರೆಯವರೇ ಕೈಜೋಡಿಸಲಿ. ಒಬ್ಬನ ನಷ್ಟವನ್ನು ಊರು ಹಂಚಿಕೊಂಡಲ್ಲಿ ಬೋನಿನ ಮಾತು ಹುಟ್ಟುವುದಿಲ್ಲ.

ಕೊಳವೆಯ ತಪ್ಪೇನೂ ಇಲ್ಲ. ಅದರಲ್ಲಿ ನೀರನ್ನೂ ಹರಿಸಬಹುದು, ಸಾವನ್ನೂ ಅಡಗಿಸಿಡಬಹುದು. ಅಬ್ಬಿಯ ನೀರು ಮನೆಗೆ ಬರುವ ಕೊಳವೆಯ ಮೇಲ್ತುದಿಯಲ್ಲಿ, ಕಾಡಿನ ಅಂಚಿನ ಆ ಗುಂಡಿಯಲ್ಲಿ, ನೀರುನಾಯಿ ಇನ್ನೂ ಏಡಿ ಹಿಡಿಯುತ್ತಿದ್ದರೆ ಆ ಹಳ್ಳ ಇನ್ನೂ ಜೀವಂತವಾಗಿದೆಯೆಂಬ ಭರವಸೆ ಇರುತ್ತದೆ. ಅದು ಅಲ್ಲಿಂದ ಮಾಯವಾದ ದಿನ ಮನುಷ್ಯನ ಲೋಟಕ್ಕೂ ಏನೋ ಬಂದು ಬಿದ್ದಿದೆಯೆಂದೇ ಅರ್ಥ.