ಹುಡುಕಿ ಹೋಗೆಂದ ಸಾಕುತಾಯಿ

ಹೆತ್ತ ಕರುಳು, ಸಾಕಿದ ಕರುಳು ಎಂಬ ಮಾತು ನಮ್ಮ ಮನೆಗಳಿಗೆ ಹೊಸತಲ್ಲ. ಅಕ್ಕನ ಕೂಸನ್ನು ತಂಗಿ ಸಾಕಿದ ಮನೆಗಳಿವೆ. ತಾಯಿ ಲಿಂಗೈಕ್ಯಳಾದ ಮೇಲೆ ದೊಡ್ಡಮ್ಮನೇ ಎದೆಗವುಚಿಕೊಂಡು ಬೆಳೆಸಿದ ಮನೆಗಳಿವೆ. ಮಕ್ಕಳಿಲ್ಲದ ದಂಪತಿಗಳು ದತ್ತು ಪಡೆದು ಬಾಳು ಬೆಳಗಿಸಿಕೊಂಡ ಮನೆಗಳೂ ಇವೆ. ಅಂಥ ಮನೆಯ ತಾಯಂದಿರ ಮನದ ಮೂಲೆಯಲ್ಲಿ ಒಂದು ಅಳುಕು ಇದ್ದೇ ಇರುತ್ತದೆ: ನಿಜ ತಿಳಿದ ದಿನ ಮಗು ನನ್ನ ಕೈಬಿಟ್ಟು ಹೋದೀತೇ? ಈ ಅಳುಕನ್ನೇ ಕಥೆಯ ತಿರುಳಾಗಿ ಮಾಡಿಕೊಂಡ ಕೃತಿಯೊಂದು ನಮ್ಮ ಕಾಲದಲ್ಲಿ ಬಂದಿದೆ. ಅದು ಕಾದಂಬರಿಯಲ್ಲ, ನಾಟಕವೂ ಅಲ್ಲ; ತರುಣರು ಗಣಕಯಂತ್ರದ ಮುಂದೆ ಕುಳಿತು ಆಡುವ ವಿಡಿಯೋ ಆಟ.

ಆಟದ ಹೆಸರು ‘ಹೇಡೀಸ್’. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದ ಸೂಪರ್‌ಜೈಂಟ್ ಗೇಮ್ಸ್ ಎಂಬ ಸಣ್ಣ ಸಂಸ್ಥೆಯು ಇದನ್ನು 2020ರಲ್ಲಿ ಪೂರ್ಣರೂಪದಲ್ಲಿ ಹೊರತಂದಿತು. ಕಲ್ಪನಾ ಸಾಹಿತ್ಯಕ್ಕೆ ಸಲ್ಲುವ ಹ್ಯೂಗೊ ಪ್ರಶಸ್ತಿಯನ್ನು 2021ರಲ್ಲಿ ಪಡೆದ ಮೊದಲ ವಿಡಿಯೋ ಆಟವೂ ಇದೇ. ಕತ್ತಿ ಬಿಲ್ಲುಗಳ ಕಾದಾಟವೇ ಇದರಲ್ಲಿ ಹೆಚ್ಚಾಗಿರುವುದರಿಂದ ಎಳೆಯ ಮಕ್ಕಳಿಗೆ ಇದು ತಕ್ಕುದಲ್ಲ. ಆದರೆ ಕಾದಾಟದ ಹಿಂದಿರುವ ಕಥೆಯು ಹಿರಿಯರೂ ಕೇಳಬೇಕಾದದ್ದು.

ಗ್ರೀಕರ ಪುರಾಣದಲ್ಲಿ ಹೇಡೀಸನು ಮೃತರ ಲೋಕದ ಅರಸ. ಆಟದ ಕಥಾನಾಯಕ ಜಾಗ್ರಿಯಸ್ ಅವನ ಮಗ. ತಂದೆ ಕಠೋರ, ಅರಮನೆಯಲ್ಲಿ ಅವನಿಗೆ ವಾತ್ಸಲ್ಯವನ್ನು ಉಣಿಸಿದವಳು ರಾತ್ರಿಯ ಅಧಿದೇವತೆಯಾದ ನಿಕ್ಸ್. ನಿದ್ರೆ, ಮೃತ್ಯು ಮೊದಲಾದ ದೇವತೆಗಳು ಅವಳ ಹೊಟ್ಟೆಯ ಮಕ್ಕಳು. ಅವರೊಡನೆಯೇ ಬೆಳೆದ ಜಾಗ್ರಿಯಸನು ಅವಳನ್ನೇ ಹೆತ್ತತಾಯಿ ಎಂದು ತಿಳಿದಿದ್ದನು. ಪ್ರಾಯಕ್ಕೆ ಬಂದ ಮೇಲೆ ನಿಜ ಹೊರಬಿತ್ತು: ಅವನ ಹೆತ್ತವಳು ಪರ್ಸೆಫೊನಿ, ಎಂದೋ ಮನೆ ತೊರೆದು ಹೋದವಳು. ಅವಳನ್ನು ಕಾಣಲೇಬೇಕೆಂದು ಅವನು ಪಾತಾಳದಿಂದ ಮೇಲೇರಲು ಹೊರಟನು. ದಾರಿಯಲ್ಲಿ ಸತ್ತಾಗಲೆಲ್ಲ ಅವನು ಮತ್ತೆ ತಂದೆಯ ಮನೆಗೇ ಬಂದು ಬೀಳುತ್ತಾನೆ. ಮತ್ತೆ ಎದ್ದು ಹೊರಡುತ್ತಾನೆ. ಕೊನೆಯ ಬಾಗಿಲಲ್ಲಿ ಅಡ್ಡ ನಿಲ್ಲುವವನು ಸ್ವಂತ ತಂದೆ.

ಈಗ ನಿಕ್ಸಳು ಮಾಡಿದ್ದೇನು? ‘ಇಷ್ಟು ದಿನ ಸಾಕಿದ ನನ್ನ ಗತಿ ಏನು’ ಎಂದು ಅವಳು ಕಣ್ಣೀರು ಹಾಕಲಿಲ್ಲ. ಋಣದ ಲೆಕ್ಕ ಒಪ್ಪಿಸಲಿಲ್ಲ. ಮಗನ ಬಲ ಹೆಚ್ಚಲೆಂದು ತನ್ನ ಶಕ್ತಿ ತುಂಬಿದ ಕನ್ನಡಿಯೊಂದನ್ನು ಅವನ ಕೋಣೆಯಲ್ಲಿ ಇರಿಸಿದಳು. ಅರಸನ ಮುನಿಸನ್ನು ಲೆಕ್ಕಿಸದೆ ಅವನ ಪಯಣಕ್ಕೆ ಬೆಂಬಲವಾಗಿ ನಿಂತಳು. ಹುಡುಕಿ ಹೋಗು ಎಂದು ಕಳುಹಿಸಿಕೊಟ್ಟವಳು ಸಾಕುತಾಯಿಯೇ!

ಮುಂದೆ ಇನ್ನೊಂದು ಸತ್ಯ ತಿಳಿಯುತ್ತದೆ. ಜಾಗ್ರಿಯಸನು ಹುಟ್ಟುವಾಗ ಉಸಿರಿಲ್ಲದ ಕೂಸಾಗಿದ್ದನು. ಮಗು ಹೋಯಿತೆಂಬ ದುಃಖದಲ್ಲೇ ಪರ್ಸೆಫೊನಿ ಮನೆ ಬಿಟ್ಟಳು. ಬಳಿಕ ನಿಕ್ಸಳು ತನ್ನ ಶಕ್ತಿಯಿಂದ ಆ ಕೂಸಿಗೆ ಜೀವ ತಂದಳು. ಆದರೆ ಮಗು ಬದುಕಿದೆ ಎಂಬ ಸುದ್ದಿಯನ್ನು ಹೇಡೀಸನು ಹೆಂಡತಿಗೆ ಮುಟ್ಟಿಸಲಿಲ್ಲ. ಅಲ್ಲಿ ತಾಯಿ ಇಲ್ಲದ ಮಗನಿಗಾಗಿ ಅತ್ತಳು; ಇಲ್ಲಿ ಮಗ ತನಗೊಬ್ಬಳು ತಾಯಿಯಿದ್ದಾಳೆಂಬುದನ್ನೇ ಅರಿಯದೆ ಬೆಳೆದನು. ಆ ಮನೆಯನ್ನು ಒಡೆದದ್ದು ಸಾಕುತನವಲ್ಲ, ಮುಚ್ಚಿಟ್ಟ ಮಾತು.

ಕಥೆಯಲ್ಲಿ ಮತ್ತೂ ಒಂದು ಸೊಗಸಾದ ಎಳೆಯಿದೆ. ಗ್ರೀಕ್ ಕವಿ ಹೆಸಿಯೋಡನ ಪ್ರಕಾರ ನಿಕ್ಸ್ ಹುಟ್ಟಿದ್ದು ಕೇಯಾಸ್ ಎಂಬ ಆದಿಶಕ್ತಿಯಿಂದ. ಆಟದಲ್ಲಿ ಅವಳು ಆ ಮೂಲದಿಂದ ಬಹುಕಾಲ ಅಗಲಿ ಉಳಿದಿರುತ್ತಾಳೆ. ತನ್ನ ತಾಯಿಯನ್ನು ಹುಡುಕುವ ಹಾದಿಯಲ್ಲೇ ಜಾಗ್ರಿಯಸನು ಕೇಯಾಸನ್ನು ಕಂಡು, ಅವರಿಬ್ಬರ ನಡುವೆ ಮಾತು ಬೆಳೆಸಿ, ಮುರಿದ ಬಾಂಧವ್ಯವನ್ನು ಕೂಡಿಸುತ್ತಾನೆ. ತಾಯಿಯನ್ನು ಹುಡುಕಲು ನೆರವಾದವಳಿಗೆ ಅವಳ ತವರನ್ನೇ ತಂದುಕೊಟ್ಟನಲ್ಲ, ಇದಕ್ಕಿಂತ ಮಿಗಿಲಾದ ಮಗನ ಧರ್ಮ ಯಾವುದು? ನಿಕ್ಸಳು ಜಾಗ್ರಿಯಸನ ಸಾಕುತಾಯಿ ಎಂಬುದು ಪ್ರಾಚೀನ ಪುರಾಣದಲ್ಲಿಲ್ಲ. ಆಟದ ರಚನಕಾರರೇ ಹೊಸದಾಗಿ ಹೆಣೆದ ಸಂಬಂಧವಿದು.

ಕಡೆಗೆ ಪರ್ಸೆಫೊನಿ ಮನೆಗೆ ಮರಳುತ್ತಾಳೆ. ನಿಕ್ಸಳ ಸ್ಥಾನ ಆಗ ಕುಗ್ಗಿತೇ? ಇಲ್ಲ. ಹೆತ್ತವಳೂ ಸಾಕಿದವಳೂ ಒಂದೇ ಮನೆಯಲ್ಲಿ ಸ್ನೇಹದಿಂದ ಇರುತ್ತಾರೆ. ಮಗನಿಗೆ ಇಬ್ಬರೂ ಉಳಿಯುತ್ತಾರೆ. 2025ರಲ್ಲಿ ಪೂರ್ಣಗೊಂಡ ಎರಡನೆಯ ಭಾಗವೂ ಇದೇ ಜಾಡಿನದು. ಅಲ್ಲಿ ಜಾಗ್ರಿಯಸನ ತಂಗಿ ಮೆಲಿನೋಯಳನ್ನು ಹೆಕಟಿ ಎಂಬ ಮಾಂತ್ರಿಕ ದೇವತೆ ಸಾಕಿ, ಗುರುವಾಗಿ ವಿದ್ಯೆ ಕಲಿಸಿ, ಕಳೆದುಹೋದ ಕುಟುಂಬವನ್ನು ಬಿಡಿಸಿ ತರಲು ಸಜ್ಜುಗೊಳಿಸುತ್ತಾಳೆ.

ಸದ್ಭಕ್ತರಾದ ತಾಯಂದಿರೇ, ಕಾಯಕ ಮಾಡಿದವನು ಫಲವನ್ನು ದಾಸೋಹಕ್ಕೆ ಸಲ್ಲಿಸಬೇಕೆಂದು ಶರಣರು ಕಲಿಸಿಕೊಟ್ಟರು. ನೀಡಿದೆನೆಂಬ ಹಮ್ಮು ಸೇರಿದರೆ ದಾಸೋಹ ಕೆಡುತ್ತದೆ. ಮಗುವನ್ನು ಸಾಕುವುದೂ ಅಂಥದೇ ಕಾಯಕ. ‘ನಾನು ಸಾಕಿದೆ, ಆದ್ದರಿಂದ ನೀನು ನನ್ನವನೇ’ ಎಂಬ ಹಿಡಿತ ಬಂದೊಡನೆ ಆ ಕಾಯಕದ ಪಾವಿತ್ರ್ಯ ಕಳೆಯುತ್ತದೆ.

ಆದುದರಿಂದ ದತ್ತು ಮಗುವಿಗಾಗಲಿ, ಬಂಧುಗಳ ಮಗುವಿಗಾಗಲಿ ಅದರ ಹುಟ್ಟಿನ ಸಂಗತಿಯನ್ನು ಚಿಕ್ಕಂದಿನಲ್ಲೇ ಕಥೆ ಹೇಳುವಂತೆ ಹೇಳಿರಿ. ಮದುವೆ ಮನೆಯ ಜನಜಂಗುಳಿಯಲ್ಲಿ ಮೂರನೆಯವರ ಬಾಯಿಂದ ಅದು ತಿಳಿಯುವಂತಾಗಬಾರದು. ನಮ್ಮ ದೇಶದ 2022ರ ದತ್ತು ನಿಯಮಾವಳಿಯೂ, ಹೆತ್ತವರ ಗೋಪ್ಯತೆಗೆ ಧಕ್ಕೆ ಬಾರದ ರೀತಿಯಲ್ಲಿ, ದತ್ತು ಹೋದವರು ತಮ್ಮ ಮೂಲವನ್ನು ಅರಸಲು ದಾರಿ ಮಾಡಿಕೊಟ್ಟಿದೆ. ಮಗು ಎಂದಾದರೂ ಆ ದಾರಿ ಹಿಡಿಯುವೆನೆಂದರೆ ಬಾಗಿಲಿಗೆ ಅಡ್ಡ ನಿಲ್ಲಬೇಡಿ. ಬುತ್ತಿ ಕಟ್ಟಿ ಕೊಟ್ಟು, ಬೇಗ ಬಾರೆಂದು ಹರಸಿ ಕಳುಹಿಸಿರಿ. ಉಂಡು ಬೆಳೆದ ಮನೆಯ ದಾರಿಯನ್ನು ಮಗು ಮರೆಯಲಾರದು.