ಅಗಲವಾಗಿ ನೋಡುವ ಕ್ಯಾಮೆರಾ ಇನ್ನೂ ಬೇಕು
ಚಿಲಿಯಲ್ಲಿ 66 ಆಂಟೆನಾಗಳ ಆಲ್ಮಾ ದೂರದರ್ಶಕ ಇರುವಾಗ ಹವಾಯಿಯ ಮೌನಾ ಕೆಯಾ ಮೇಲಿನ ಒಂಟಿ ದೂರದರ್ಶಕಕ್ಕೆ ದುಡ್ಡೇಕೆ ಎಂದು ಕೇಳುವವರಿದ್ದಾರೆ. ಆಲ್ಮಾದ ನೋಟ ಬಲು ಸೂಕ್ಷ್ಮ, ನಿಜ. ಆದರೆ ಅದು ಒಮ್ಮೆಗೆ ಕಾಣುವ ಆಕಾಶ ತೀರಾ ಕಿರಿದು. ಎಲ್ಲಿ ನೋಡಬೇಕೆಂದು ಮೊದಲು ಯಾರಾದರೂ ಹೇಳಬೇಕಲ್ಲ? ಹವಾಯಿಯ ಆ ದೂರದರ್ಶಕದಲ್ಲಿರುವ ಸ್ಕೂಬಾ-2 ಕ್ಯಾಮೆರಾದ ಕೆಲಸ ಅದೇ. ಅದರ ಸುಮಾರು 10,000 ಸಂವೇದಕಗಳು ನಿರಪೇಕ್ಷ ಶೂನ್ಯದ ಹತ್ತಿರದ ಚಳಿಯಲ್ಲಿ, ಸೂಪರ್‌ಕಂಡಕ್ಟರ್ ಆಗುವ ಅಂಚಿನಲ್ಲಿ ನಿಂತಿರುತ್ತವೆ. ದೂರದ ದೂಳು ಸೂಸಿದ ಶಾಖ ಚೂರು ತಾಗಿದರೂ ವಿದ್ಯುತ್ ರೋಧ ಥಟ್ಟನೆ ಏರುತ್ತದೆ. ಹಳೆಯ ಸ್ಕೂಬಾದಲ್ಲಿ ಇದ್ದದ್ದು ಬರೀ 131, ಅವೂ ಸೂಪರ್‌ಕಂಡಕ್ಟರ್ ಅಲ್ಲ. ಆದರೂ ದೂಳಿನಲ್ಲಿ ಮುಚ್ಚಿಹೋದ ದೂರದ ಗೆಲಾಕ್ಸಿಗಳನ್ನು 1998ರಲ್ಲಿ ತೋರಿಸಿದ್ದು ಅದೇ. ಬಾಹ್ಯಾಕಾಶದಿಂದಲೇ ನೋಡಬಾರದೇ ಎನ್ನಬಹುದು. ಹರ್ಷೆಲ್ ಬಾಹ್ಯಾಕಾಶ ದೂರದರ್ಶಕ ನೋಡಿತು, 2013ರಲ್ಲಿ ಅದನ್ನು ತಂಪಾಗಿಡುವ ಹೀಲಿಯಂ ಮುಗಿದು ಕುರುಡಾಯಿತು. ಬೆಟ್ಟದ ಮೇಲಿನ ಕ್ಯಾಮೆರಾವನ್ನಾದರೆ ಬಿಚ್ಚಿ, ಹೊಸ ಸಂವೇದಕ ಕೂರಿಸಬಹುದು.